ಎರಡು ಕೆ.ಜಿ. ಉಳಿಸಿದ ಕಥೆ

ಗಂಗೊಳ್ಳಿಯ ನನ್ನ ಭಾವ 18 ಅಡಿಯ ಒಂದು ಫೈಬರ್ ದೋಣಿ ಕೊಂಡರು. ಮೀನು ಹಿಡಿಯುವುದಕ್ಕಲ್ಲ, ಸಿಟ್ಟಿಗೆ. ಅಂಗಳದಲ್ಲಿ ನಿಂತರೆ ಹೊಳೆಯಾಚೆ ಕುಂದಾಪುರ ಕಾಣುತ್ತದೆ, ಹೋಗಬೇಕೆಂದರೆ ತ್ರಾಸಿಗೆ ಹೋಗಿ ಹೆದ್ದಾರಿ ಹಿಡಿದು ಸುತ್ತಬೇಕು. ಸುತ್ತಿ ಸುತ್ತಿ ಬೇಜಾರಾಗಿ ದೋಣಿ ತಂದರು, ಇಂಜಿನ್ ಆರಿಸುವ ಕೆಲಸ ನನಗೆ ಬಿಟ್ಟರು. ನಾನು ಬೆಂಗಳೂರಿನವನು, ಟ್ಯಾಂಕರ್ ಬಂದ ದಿನ ಬಿಟ್ಟರೆ ಒಟ್ಟಿಗೆ ಅಷ್ಟು ನೀರು ನೋಡಿದವನಲ್ಲ. ಆದರೆ ಮನೆಯಲ್ಲಿ ಕಂಪ್ಯೂಟರ್ ಇದೆ. ಭಾವನಿಗೆ ಅಷ್ಟು ಅರ್ಹತೆ ಸಾಕಾಯಿತು.

ಮೂರು ತಿಂಗಳು ನಾನು ಬೇರೇನೂ ಓದಲಿಲ್ಲ. ಕಡಲಲ್ಲಿ ರೇಸ್ ಓಡಿಸುವ ದೋಣಿಗಳ ಲೋಕದೊಳಗೆ ಹೊಕ್ಕವನಿಗೆ ಹೊರಬರುವ ದಾರಿಯೇ ಕಾಣಲಿಲ್ಲ. 1956ರಲ್ಲಿ ಮಯಾಮಿಯಿಂದ ಬಹಾಮಾಸ್‌ನ ನಾಸೌ ಪಟ್ಟಣಕ್ಕೆ ದೋಣಿ ಓಡಿಸಿದವರಿಂದ ಹಿಡಿದು ಇಂದಿನವರ ತನಕ ಎಲ್ಲರದೂ ಒಂದೇ ಜಪ: ಶಕ್ತಿ ಹೆಚ್ಚಿಸು, ತೂಕ ಇಳಿಸು. ಒಂದು ವೇಗ ಮುಟ್ಟಿದ ಮೇಲೆ ದೋಣಿ ನೀರು ಸೀಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ. ಹಿಂದುಗಡೆ ಭಾರ ಜಾಸ್ತಿಯಾದರೆ ಹಿಂಭಾಗ ಕುಸಿದು, ಮೂತಿ ಆಕಾಶ ನೋಡುತ್ತ, ಜಾರುವ ಹಂತಕ್ಕೆ ಬರುವುದು ತಡವಾಗುತ್ತದೆ. ಇಷ್ಟು ತಿಳಿದದ್ದೇ ನನಗೆ ಕಿಲೋ ಹುಚ್ಚು ಹಿಡಿಯಿತು.

ಮರ್ಕ್ಯುರಿ ರೇಸಿಂಗ್‌ನ 450ಆರ್ ಎಂಬ ಇಂಜಿನ್ನಿಗೆ ಎಂಟು ಸಿಲಿಂಡರ್, 450 ಎಚ್‌ಪಿ (ಅಶ್ವಶಕ್ತಿ), ತೂಕ 313 ಕೆ.ಜಿ. ಕಿಲೋಗೆ ಹತ್ತಿರ ಹತ್ತಿರ ಒಂದೂವರೆ ಕುದುರೆ! ಅದೇ ಕಂಪನಿಯ ಹನ್ನೆರಡು ಸಿಲಿಂಡರಿನ ಇಂಜಿನ್ನಿನಲ್ಲಿ 600 ಕುದುರೆಗಳಿದ್ದರೂ ಅದು ತೂಗುವುದು 572 ಕೆ.ಜಿ., ಅಂದರೆ ಕಿಲೋಗೆ ಒಂದು ಕುದುರೆಗಿಂತ ಚೂರೇ ಹೆಚ್ಚು. ‘ಅದು ದಂಡ’ ಎಂದು ನಾನು ತಳ್ಳಿಹಾಕಿದೆ, ಕೊಳ್ಳುವ ಶಕ್ತಿ ಇದ್ದವನ ಹಾಗೆ. ಫೋನಿನಲ್ಲಿ ಭಾವನಿಗೆ ಇದನ್ನೆಲ್ಲ ವಿವರಿಸಿದರೆ ಅವರು ಕೇಳಿದ್ದು ಒಂದೇ: “ಇಲ್ಲಿ ಕುದ್ರಿ ಕಂಡವ್ರ್ ಯಾರ್ ಮಾರಾಯ? ಕಂಬಳದ ಕೋಣದ ಲೆಕ್ಕದಗೆ ಹೇಳ್.”

ಗಂಗೊಳ್ಳಿಯ ಮೆಕ್ಯಾನಿಕ್ ಒಬ್ಬರು ಮಾತ್ರ 9.9 ಎಚ್‌ಪಿ ಸಾಕು ಎಂದರು. ಬಾಟಾ ಚಪ್ಪಲಿಯ ಬೆಲೆಯ ಹಾಗಿರುವ ಈ ಸಂಖ್ಯೆ ನಮ್ಮ ಕರಾವಳಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿ ಒಳಗಿನ ಇಂಜಿನ್ ಇರುವ ನಾಡದೋಣಿಗೆ ಮಾತ್ರ ವಿನಾಯಿತಿ. ಹಾಗಾಗಿ ಮಳೆಗಾಲದ ಕಡಲಿನಲ್ಲಿ ಆ ಒಂದು ದಶಾಂಶಕ್ಕೆ ಇರುವ ಬೆಲೆ ಪರೀಕ್ಷೆಯಲ್ಲಿ ಪಾಸು-ಫೇಲಿನ ನಡುವಿನ ಒಂದು ಮಾರ್ಕಿಗೂ ಇಲ್ಲ. ನಾವು ಮೀನು ಹಿಡಿಯುವವರಲ್ಲವಲ್ಲ ಎಂದು ನಾನು ಆ ಮಾತನ್ನು ನೀರಿಗೆ ಬಿಟ್ಟೆ. ಈಗಲೂ ಆ ಮೆಕ್ಯಾನಿಕ್ ಎದುರು ಸಿಕ್ಕರೆ ರಸ್ತೆ ದಾಟುತ್ತೇನೆ.

ಕೊನೆಗೆ ಒಂದು ಹಳೆಯ 40 ಎಚ್‌ಪಿ ಇಂಜಿನ್ ಸಿಕ್ಕಿತು. ಟೂ ಸ್ಟ್ರೋಕ್ ಆದ್ದರಿಂದ ಸುಮಾರು 70 ಕೆ.ಜಿ.; ಫೋರ್ ಸ್ಟ್ರೋಕ್ ಆಗಿದ್ದರೆ ನೂರರ ಹತ್ತಿರ ಹೋಗುತ್ತಿತ್ತು. ಮಾರುವವರ ಬಳಿ ಅದರಲ್ಲೇ ಎರಡು ನಮೂನೆ ಇದ್ದವು. ಒಂದರ ಶಾಫ್ಟ್, ಅಂದರೆ ಇಂಜಿನ್ನಿನಿಂದ ಪ್ರೊಪೆಲ್ಲರ್ ತನಕ ಇಳಿಯುವ ಕಾಲು, 15 ಇಂಚು ಎತ್ತರದ ಹಿಂಬದಿ ಹಲಗೆಗೆ, ಇನ್ನೊಂದರದು 20 ಇಂಚಿನದಕ್ಕೆ. ಗಿಡ್ಡ ಶಾಫ್ಟಿನದು ಎರಡು ಕೆ.ಜಿ. ಹಗುರ! ಮೂರು ತಿಂಗಳ ತಪಸ್ಸು ಫಲಿಸಿದಂತಾಯಿತು, ಕಣ್ಣು ಮುಚ್ಚಿ ಗಿಡ್ಡದ್ದನ್ನೇ ಆರಿಸಿದೆ. ದೋಣಿಯ ಹಿಂಬದಿ ಹಲಗೆ ಎಷ್ಟು ಎತ್ತರ ಇದೆ ಎಂದು ಅಳೆಯಬೇಕಿತ್ತು. ಆಗ ನನ್ನ ಕೈಯಲ್ಲಿ ತಕ್ಕಡಿ ಇತ್ತು, ಟೇಪು ಇರಲಿಲ್ಲ.

ಮೊದಲ ಸವಾರಿ ಕುಂದಾಪುರಕ್ಕೆ. ಭಾವ ಹಿಂದೆ ಕೂತು ನಡೆಸಿದರು, ನಾನು ನಡುವೆ. ದೋಣಿ ಹಾರಿತು ಎನ್ನುವಷ್ಟು ಚೆನ್ನಾಗಿ ಹೋಯಿತು. ಆ ಸಂತೋಷಕ್ಕೆ ಅಕ್ಕನಿಗೆಂದು ಒಂದು ಗಡ್‌ಬಡ್ ಐಸ್‌ಕ್ರೀಮ್ ಪಾರ್ಸೆಲ್ ಕಟ್ಟಿಸಿದೆವು. ನನಗೆ ಓಲೆ ಎವಿನ್‌ರೂಡ್ ನೆನಪಾದ. ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ ಈತ ಹುಡುಗಿ ಕೇಳಿದಳೆಂದು ಸರೋವರದಾಚೆಯಿಂದ ಐಸ್‌ಕ್ರೀಮ್ ತರಲು ಹುಟ್ಟು ಹಾಕುತ್ತ ಹೋಗಿದ್ದನಂತೆ. ವಾಪಸು ಬರುವಷ್ಟರಲ್ಲಿ ಅದು ಕರಗಿತ್ತಂತೆ. ಆ ಹೊಟ್ಟೆಯುರಿಯಲ್ಲೇ 1909ರಲ್ಲಿ ಅವನ ಔಟ್‌ಬೋರ್ಡ್ ಇಂಜಿನ್, ಅಂದರೆ ನಮ್ಮದರಂತೆ ದೋಣಿಯ ಹಿಂಬದಿಗೆ ಸಿಕ್ಕಿಸುವಂಥದ್ದು, ಮಾರುಕಟ್ಟೆಗೆ ಬಂತು ಎಂದು ಕಥೆ. ಒಂದೂವರೆ ಎಚ್‌ಪಿ, ಸುಮಾರು 28 ಕೆ.ಜಿ. “ನಮ್ಮದು ನಲವತ್ತು, ಕರಗುವ ಪ್ರಶ್ನೆಯೇ ಇಲ್ಲ” ಎಂದೆ.

ವಾಪಸು ಬರುವಾಗ ಚುಕ್ಕಾಣಿ ನಾನು ಹಿಡಿದೆ. ಭಾವ ಮುಂದೆ ಹೋಗಿ, ಫೋಟೋದಲ್ಲಿ ಅಳಿವೆಯೂ ಬರಬೇಕು ಎಂದು ಮೂತಿಯಲ್ಲಿ ನಿಂತರು. ಅವರು 98 ಕೆ.ಜಿ. ನಾನು 57. ಹಿಂಭಾಗ ಮೆಲ್ಲಗೆ ಎದ್ದಿತು. ಗಿಡ್ಡ ಶಾಫ್ಟಿನ ಪ್ರೊಪೆಲ್ಲರ್ ನೀರು ಬಿಟ್ಟು ಗಾಳಿ ತಿನ್ನತೊಡಗಿತು. ಚಟ್ನಿಗೆ ಕಾಯಿ ಹಾಕುವುದು ಮರೆತು ಮಿಕ್ಸಿ ತಿರುಗಿಸಿದರೆ ಬರುತ್ತದಲ್ಲ, ಅದರ ನಲವತ್ತರಷ್ಟು ಸದ್ದು. ತಂಪಾಗಲು ಹೊಳೆಯ ನೀರನ್ನೇ ಹೀರುವ ಇಂಜಿನ್ನಿಗೆ ಆ ನೀರೂ ಸಿಗಲಿಲ್ಲ. ಪಕ್ಕದಿಂದ ಸಣ್ಣಗೆ ಚಿಮ್ಮುತ್ತಿದ್ದ ಧಾರೆ ನಿಂತಿತು. ನಾನು ಹೆದರಿ ಎದ್ದೆ, ಮುಗ್ಗರಿಸಿದೆ, ಇಂಜಿನ್ ಆಫ್.

ಆಮೇಲಿನ ಇಪ್ಪತ್ತು ನಿಮಿಷ ಸ್ಟಾರ್ಟರ್ ಹಗ್ಗ ಎಳೆದೆವು. ಬಿಸಿಯಾಗಿದೆ ಎಂದು ಗಾಳಿ ಹಾಕಿದೆವು, ಪ್ಲಗ್ ಬಿಚ್ಚಿ ಒರೆಸಿದೆವು, ಪೆಟ್ರೋಲಿಗೆ ಎಣ್ಣೆ ಬೆರೆಸಿದ ಲೆಕ್ಕ ಯಾರದೆಂದು ಜಗಳವಾಡಿದೆವು. ಭಾವ ಕೊಲ್ಲೂರು ಮೂಕಾಂಬಿಕೆಗೆ ಹರಕೆಯನ್ನೂ ಹೇಳಿಕೊಂಡರು. ಇಳಿತದ ನೀರು ನಮ್ಮನ್ನು ಸಾವಕಾಶವಾಗಿ ಅಳಿವೆಯ ಕಡೆ ಒಯ್ಯುತ್ತಿತ್ತು. ಗಡ್‌ಬಡ್ ಮೊದಲು ಪದರ ಕಳೆದುಕೊಂಡಿತು, ಆಮೇಲೆ ಬಣ್ಣ.

ಅಷ್ಟರಲ್ಲಿ 9.9 ಎಚ್‌ಪಿಯ ನಾಡದೋಣಿಯೊಂದು ಪುಟುಪುಟು ಎನ್ನುತ್ತ ಬಂತು. ಅದರಲ್ಲಿದ್ದ ಹಿರಿಯರು ನಮ್ಮ ದೋಣಿ ಹತ್ತಿ, ನನ್ನ ಮಣಿಕಟ್ಟಿನಿಂದ ಇಳಿಬಿದ್ದಿದ್ದ ಕೆಂಪು ಸುರುಳಿ ಹಗ್ಗ ನೋಡಿದರು. ನಡೆಸುವವನು ನೀರಿಗೆ ಬಿದ್ದರೆ ಇಂಜಿನ್ ತಾನಾಗಿ ನಿಲ್ಲಲಿ ಎಂದು ಇರುವ ಹಗ್ಗ ಅದು. ನಾನು ಮುಗ್ಗರಿಸಿದಾಗ ಅದರ ಕ್ಲಿಪ್ಪು ಕಿತ್ತು ಬಂದಿತ್ತು. ಅವರು ಕ್ಲಿಪ್ಪನ್ನು ಮತ್ತೆ ಸಿಕ್ಕಿಸಿ ಒಂದೇ ಸಲ ಎಳೆದರು, ಇಂಜಿನ್ ಗುಡುಗಿತು. ಆಮೇಲೆ ಹಿಂದೆ ಬಗ್ಗಿ ನೋಡಿ, “ಕಾಲ್ ಗಿಡ್ಡ ಆಯ್ತಲೆ! ಭಾವಯ್ಯನ್ ಹಿಂದ್ ಕೂರ್ಸ್ಕಣಿ” ಎಂದು ಹೋದರು.

ಅಕ್ಕ ಗಡ್‌ಬಡ್ಡನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು, ದ್ರಾಕ್ಷಿ ಮಾತ್ರ ಅಗಿದಳು.

ಇಂಜಿನ್ ಬದಲಾಯಿಸಲು ದುಡ್ಡಿಲ್ಲ, ಹಲಗೆ ಕೊಯ್ಯಲು ಭಾವ ಒಪ್ಪುತ್ತಿಲ್ಲ. ಈಗ ದೋಣಿ ಹೊರಡಬೇಕಾದರೆ ಭಾವ ಹಿಂದೆ ಕೂರಲೇಬೇಕು. ಅವರು ಊರಲ್ಲಿಲ್ಲದ ದಿನ 50 ಕೆ.ಜಿ.ಯ ಎರಡು ಮೂಟೆ ಕುಚ್ಚಲಕ್ಕಿ ಹೇರುತ್ತೇವೆ.