ಗಾಳಿ ಎದ್ದಾಗಿನ ಕಥೆಯನ್ನೂ ಬರೆಯಿರಿ

ಮನೆ ಬಿಟ್ಟು ಹಾಯಿದೋಣಿಯಲ್ಲೇ ಸಂಸಾರ ಹೂಡಿ, ಉಷ್ಣವಲಯದ ದ್ವೀಪಗಳನ್ನು ಸುತ್ತುತ್ತಿರುವ ದಂಪತಿಯ ಬಗ್ಗೆ ನಿಮ್ಮ ಲೇಖನ ಓದಿ ಖುಷಿಯಾಯ್ತು. ಆದರೆ ಸೂರ್ಯಾಸ್ತದ ವರ್ಣನೆಯೇ ಜಾಸ್ತಿ ಆಯ್ತು ಸರ್. ಕಾರವಾರದವರಾದ ನಮಗೆ ಮೊದಲು ಕೇಳಬೇಕು ಅನಿಸೋದು, ಗಾಳಿ ಎದ್ದಾಗ ಇವರು ಎಲ್ಲಿರುತ್ತಾರೆ ಅಂತ. ಇಲ್ಲಿ ಜೂನ್ ಬಂತೆಂದರೆ ಬೈತಖೋಲ್ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತುಬಿಡುತ್ತವೆ. ಹಾಯಿದೋಣಿಯಲ್ಲಿ ತಿರುಗುವ ಎಷ್ಟೋ ಜನ ಚಂಡಮಾರುತದ ತಿಂಗಳುಗಳಲ್ಲಿ ಸಮಭಾಜಕ ವೃತ್ತದ ಹತ್ತಿರಕ್ಕೆ ಸರಿಯುತ್ತಾರೆ. ಅಲ್ಲಿ 5 ಡಿಗ್ರಿ ಅಕ್ಷಾಂಶದೊಳಗೆ ಚಂಡಮಾರುತ ಹುಟ್ಟೋದು ತೀರಾ ಅಪರೂಪ.

ಲಂಗರಿನ ಮಾತೂ ಬರಲಿಲ್ಲ. ರಾತ್ರಿ 5 ಮೀಟರ್ ಆಳದಲ್ಲಿ ನಿಲ್ಲೋದಾದರೆ ಸುಮಾರು 25 ಮೀಟರ್ ಸರಪಳಿ ಬಿಡಬೇಕು. ಸರಪಳಿ ತಳದಲ್ಲಿ ಮಲಗಿ ಅಡ್ಡಕ್ಕೆ ಎಳೆದರೆ ಲಂಗರು ಮರಳನ್ನು ಕಚ್ಚಿ ಹಿಡಿಯುತ್ತೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತೆ. ನಡುರಾತ್ರಿ ಗಾಳಿ ದಿಕ್ಕು ಬದಲಿಸಿದರೆ ಒಬ್ಬರಾದರೂ ಎದ್ದು ನೋಡಲೇಬೇಕು ಅಲ್ವಾ? ಇಬ್ಬರೇ ಇರುವಲ್ಲಿ ಆ ಪಾಳಿ ಹೇಗೆ ಹಂಚಿಕೊಳ್ಳುತ್ತಾರೆ? ಜಗಳವಾದ ದಿನ ಯಾರು ಏಳುತ್ತಾರೆ?

ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಇಬ್ಬರೇ ತಾರಿಣಿ ಎಂಬ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತಿ, 2025ರ ಮೇ ತಿಂಗಳಲ್ಲಿ ಪಕ್ಕದ ಗೋವಾಕ್ಕೆ ಬಂದರಲ್ಲ, ಅವರನ್ನೂ ಮಾತಾಡಿಸಿ ಬರೆಯಿರಿ. ನಮ್ಮೂರಿನ ಹುಡುಗಿಯರು ಓದಬೇಕು.