ಆ ರಿಬ್ಬನ್ ಆಟದ ಸಾಮಾನಲ್ಲ

ಬೆಳಿಗ್ಗೆಯಿಂದ ಎಲ್ಲ ಗ್ರೂಪಲ್ಲೂ ಒಂದೇ ವಿಡಿಯೋ. ಹಬ್ಬಕ್ಕೆ ಸಿಂಗಾರ ಮಾಡಿದ ಮನೆ, ನೆಲದವರೆಗೂ ಇಳಿಬಿಟ್ಟ ಮಿರಮಿರ ರಿಬ್ಬನ್. ಒಂದು ಮರಿ ಬೆಕ್ಕು ಅದರ ತುದಿ ಕಚ್ಚಿ ಎಳೆಯುತ್ತಿದೆ. ನೋಡನೋಡುತ್ತಲೇ ರಿಬ್ಬನ್ ಸ್ವಲ್ಪ ಸ್ವಲ್ಪವಾಗಿ ಬಾಯೊಳಗೆ ಹೋಗುತ್ತಿದೆ. ಹಿಂದಿನಿಂದ ಮನೆಯವರ ನಗು ಕೇಳಿಸುತ್ತದೆ. ಕೆಳಗೆ ಸಾಲು ಸಾಲು ಹಾರ್ಟು. "ದಯವಿಟ್ಟು ಮೊದಲು ಅದನ್ನ ಕಿತ್ಕೊಳ್ಳಿ" ಎಂದು ಬರೆದೆ. "ಬಿಡಿ ಮೇಡಂ, ಏನು ತಿನ್ನಬೇಕು ಅಂತ ಬೆಕ್ಕಿಗೆ ಗೊತ್ತಿರುತ್ತೆ" ಎಂದು ಉತ್ತರ ಬಂತು.

ಗೊತ್ತಿರಲ್ಲ ರೀ. ಖಂಡಿತ ಗೊತ್ತಿರಲ್ಲ.

ಬೆಕ್ಕು ಕೈ ನೆಕ್ಕಿದಾಗ ಒರಟು ಒರಟಾಗಿ ತಾಗುತ್ತದಲ್ಲ, ಅದು ನಾಲಿಗೆಯ ಮೇಲಿರುವ ಸಣ್ಣ ಮುಳ್ಳುಗಳು. ಅವೆಲ್ಲ ಗಂಟಲ ಕಡೆಗೆ ಬಾಗಿರುತ್ತವೆ. ದಾರವೋ ರಿಬ್ಬನ್ನೋ ಅದಕ್ಕೆ ಸಿಕ್ಕಿಕೊಂಡರೆ ಉಗುಳುವುದು ಕಷ್ಟ, ಒಳಗೆ ಹೋಗುವುದೇ ಸುಲಭ. ಎಷ್ಟೋ ಸಲ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಳ್ಳುತ್ತದೆ, ಇಲ್ಲವೇ ಹೊಟ್ಟೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಉಳಿದದ್ದು ಕರುಳಿಗೆ ಇಳಿಯುತ್ತದೆ. ಕರುಳು ಮುಂದಕ್ಕೆ ತಳ್ಳಲು ನೋಡುತ್ತದೆ, ದಾರ ಅಲ್ಲಾಡುವುದಿಲ್ಲ. ಆಗ ಲಾಡಿ ಎಳೆದ ಲಂಗದ ಹಾಗೆ ಕರುಳೇ ನೆರಿಗೆ ನೆರಿಗೆಯಾಗಿ ಮುದುಡಿಕೊಳ್ಳುತ್ತದೆ. ಬಿಗಿಯಾದ ದಾರ ಕರುಳನ್ನು ಕೊಯ್ದೂ ಬಿಡಬಹುದು. ಹೊರಗೆ ಕಾಣುವುದು ಬರೀ ವಾಂತಿ, ಊಟ ಬೇಡ ಅನ್ನುವುದು, ಮೂಲೆಯಲ್ಲಿ ಮುದುರಿ ಕೂರುವುದು. ಬಾಯಲ್ಲಾಗಲಿ ಹಿಂದಾಗಲಿ ದಾರದ ತುದಿ ಕಂಡರೆ ಎಳೆಯಲೇಬೇಡಿ. ಸೀದಾ ಡಾಕ್ಟರ ಹತ್ತಿರ ಓಡಿ.

"ನಮ್ಮ ಬೆಕ್ಕು ವರ್ಷಗಟ್ಟಲೆ ಹೀಗೇ ಆಡ್ತಿದೆ, ಏನೂ ಆಗಿಲ್ಲ" ಅನ್ನುವವರಿದ್ದಾರೆ. ಆಗಿಲ್ಲದಿರಬಹುದು, ಒಳ್ಳೆಯದೇ. ಜನ ಹೆದರಿಸುವುದೆಲ್ಲ ನಿಜವೂ ಅಲ್ಲ. ಕೆಂಪೆಲೆಯ ಪಾಯಿನ್‌ಸೆಟಿಯಾ ಗಿಡವನ್ನು ಭಾರೀ ವಿಷ ಅನ್ನುತ್ತಾರೆ, ಅದನ್ನು ಕಚ್ಚಿದರೆ ಸಾಮಾನ್ಯವಾಗಿ ಜೊಲ್ಲು, ಒಂದಿಷ್ಟು ವಾಂತಿ ಅಷ್ಟೇ. ಆದರೆ ದಾರದ ವಿಷಯ ಹಾಗಲ್ಲ. ಲಿಲ್ಲಿ ಹೂವಿನದಂತೂ ಅಲ್ಲವೇ ಅಲ್ಲ.

ಲಿಲ್ಲಿ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಬ್ಬದ ಬೊಕೆಗಳಲ್ಲಿ ಅದು ಇದ್ದೇ ಇರುತ್ತದೆ. ಎಲೆ, ದಳ, ದಂಟು, ಪರಾಗ, ಕೊನೆಗೆ ಹೂದಾನಿಯ ನೀರು ಕೂಡ ಬೆಕ್ಕಿಗೆ ವಿಷ. ತಿನ್ನಲೇಬೇಕು ಅಂತಿಲ್ಲ. ಮೈಗೆ ಪರಾಗ ಉದುರಿ, ಬೆಕ್ಕು ಅದನ್ನು ನೆಕ್ಕಿಕೊಂಡರೂ ಸಾಕು. 1ರಿಂದ 3 ದಿನದೊಳಗೆ ಮೂತ್ರಪಿಂಡ ಕೈಕೊಡುತ್ತದೆ. ಲಕ್ಷಣ ಕಾಣಲಿ ಅಂತ ಕಾಯುತ್ತಾ ಕೂತರೆ ಹೊತ್ತು ಮೀರಿರುತ್ತದೆ. ಚೆಂದದ ವಾಸನೆಯ ಹೂವು ವಿಷ ಅಂತ ಯಾವ ಬೆಕ್ಕಿಗೆ ತಿಳಿಯಬೇಕು? ತಿಳಿದಿರಬೇಕಾದವರು ನಾವು ತಾನೇ?

ಇನ್ನು ಸದ್ದು. ಕೀರಲು ಸದ್ದಿನಲ್ಲಿ ನಮ್ಮ ಕಿವಿ ಸುಮಾರು 20 ಕಿಲೋಹರ್ಟ್ಜ್‌ಗೆ ನಿಂತುಬಿಡುತ್ತದೆ, ಬೆಕ್ಕಿಗೆ 60 ದಾಟಿಯೂ ಕೇಳುತ್ತದೆ. ಪಟಾಕಿ, ಜೋರು ಹಾಡು, ಮನೆ ತುಂಬ ಹೊಸ ಮುಖ, ನಿಮಿಷಕ್ಕೊಮ್ಮೆ ತೆಗೆಯುವ ಬಾಗಿಲು. ಇಷ್ಟರ ಮಧ್ಯೆ ಬೆಕ್ಕನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿ ಫೋಟೋ ತೆಗೆಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಕಿವಿ ಹಿಂದಕ್ಕೆ ಅಂಟಿದೆ, ಕಣ್ಣು ಇಷ್ಟಗಲ ಆಗಿದೆ, ಅದು ಕಾಣಲ್ವಾ ನಿಮಗೆ? ಗಾಬರಿಯಿಂದ ಕೆಲವು ಬೆಕ್ಕುಗಳಿಗೆ ಮೂತ್ರದ ತೊಂದರೆಯೂ ಶುರುವಾಗುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ತಟ್ಟೆಗೆ ಹೋಗಿ ತಿಣುಕುತ್ತಿದ್ದು, ಒಂದು ಹನಿಯೂ ಬರದಿದ್ದರೆ, ಹಬ್ಬ ಮುಗಿಯಲಿ ಅನ್ನಬೇಡಿ. ಅದು ಜೀವಕ್ಕೆ ಅಪಾಯ.

ಒಂದು ಕೋಣೆ ಬಿಟ್ಟುಕೊಡಿ, ಸಾಕು. ನೀರು, ಊಟ, ಮರಳಿನ ತಟ್ಟೆ, ನುಸುಳಿ ಕೂರಲು ಒಂದು ರಟ್ಟಿನ ಡಬ್ಬಿ. ಬಾಗಿಲಿಗೆ "ಒಳಗೆ ಬೆಕ್ಕಿದೆ, ತೆಗೆಯಬೇಡಿ" ಎಂದು ದೊಡ್ಡದಾಗಿ ಬರೆದು ಅಂಟಿಸಿ. ನಾನು ಪ್ರತಿ ಹಬ್ಬಕ್ಕೂ ಅಂಟಿಸುತ್ತೇನೆ. "ನಮಗಿಂತ ನಿನಗೆ ಬೆಕ್ಕೇ ಜಾಸ್ತಿ ಆಯ್ತಾ" ಎಂದು ಮುಖ ಊದಿಸಿಕೊಂಡು ಹೋದ ನೆಂಟರೂ ಇದ್ದಾರೆ. ಹೋಗಲಿ ಬಿಡಿ. ಮುನಿಸಿಕೊಂಡ ನೆಂಟರು ಮುಂದಿನ ಹಬ್ಬಕ್ಕೆ ಬಂದೇ ಬರುತ್ತಾರೆ.

ಆ ವಿಡಿಯೋ ಹಾಕಿದವರು ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದರೆ ಒಂದೇ ಮಾತು: ರಿಬ್ಬನ್ ಪೂರ್ತಿ ಇದೆಯಾ ಅಂತ ಈಗಲೇ ಎದ್ದು ಅಳೆದು ನೋಡಿ. ತುಂಡು ಕಡಿಮೆಯಿದ್ದರೆ ನಾಳೆವರೆಗೆ ಕಾಯಬೇಡಿ.