ಎಲ್ಲದಕ್ಕೂ ಹಠ ಅನ್ನಬೇಡಿ

ಮೊನ್ನೆ ಸಂಜೆ ಹಾಸನದ ನಮ್ಮ ಮನೆಯಲ್ಲಿ ನಡೆದದ್ದು. ಏಳು ವರ್ಷದ ಮಗಳು ನವಿಲು ಬಿಡಿಸುತ್ತಾ ಕೂತಿದ್ದಳು. ಕತ್ತು ಸರಿ ಬರಲಿಲ್ಲ. ಅಳಿಸಿದಳು, ಬಿಡಿಸಿದಳು, ಮತ್ತೆ ಅಳಿಸಿದಳು. ನಾಲ್ಕನೇ ಸಲ ರಬ್ಬರ್ ಉಜ್ಜಿದಾಗ ಹಾಳೆಯೇ ಹರಿಯಿತು. ಪೆನ್ಸಿಲ್ ಡಬ್ಬಿ ಹೋಗಿ ಗೋಡೆಗೆ ಬಡಿಯಿತು. ನಾನು ಆಗಷ್ಟೇ ಕೆಲಸದಿಂದ ಬಂದಿದ್ದೆ. "ಏನೇ ನಿಂದು ಹಠ!" ಅಂತ ಕೂಗಿಬಿಟ್ಟೆ. ಅವಳು ಮಂಚದ ಕೆಳಗೆ ಸೇರಿಕೊಂಡಳು.

ನಮ್ಮತ್ತೆ ಒಂದು ಮಾತೂ ಆಡಲಿಲ್ಲ. ಅವರೆಕಾಯಿ ಕಾಲ ಅಲ್ವಾ, ನೆನೆಸಿಟ್ಟ ಕಾಳಿನ ಪಾತ್ರೆ ತಂದು ಮಂಚದ ಪಕ್ಕ ನೆಲದಲ್ಲೇ ಕೂತು ಹಿತುಕತೊಡಗಿದರು. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಕೈ ಹೊರಗೆ ಬಂತು. ಒಂದು ಕಾಳು ತಗೊಂಡು ಒತ್ತಿತು. ಬೇಳೆ ಚಂಗನೆ ಹಾರಿ ಅಜ್ಜಿಯ ಮಡಿಲಿಗೆ ಬಿತ್ತು. ಇನ್ನೊಂದು. ಮತ್ತೊಂದು. ಅರ್ಧ ಬಟ್ಟಲು ಬೇಳೆ ಆಗುವಷ್ಟರಲ್ಲಿ ಅವಳೇ ಬಾಯಿಬಿಟ್ಟಳು. "ಅಜ್ಜಿ, ನಾನು ಬಿಡಿಸಿದ್ರೆ ಬಾತುಕೋಳಿ ಕತ್ತಿನ ಥರ ಬರುತ್ತೆ. ಕ್ಲಾಸಲ್ಲಿ ಎಲ್ಲರೂ ನಗ್ತಾರೆ."

ಆ ಭಯಕ್ಕೆ ನಾನು ಹಠ ಅಂತ ಹೆಸರಿಟ್ಟಿದ್ದೆ.

ನಮ್ಮಲ್ಲಿ ಮಗು ಹಸಿದು ಅತ್ತರೂ ಹಠ, ನಿದ್ದೆಗೆಟ್ಟು ಸಿಡುಕಿದರೂ ಹಠ, ಆಟದಲ್ಲಿ ಸೋತು ಕಿರುಚಿದರೂ ಹಠ. ಆಮೇಲೆ ನಮಗೆ ಹೊಳೆಯುವ ಮದ್ದು ಎರಡೇ. ಗದರುವುದು, ಇಲ್ಲಾಂದ್ರೆ ಕೈಗೆ ಮೊಬೈಲ್ ಕೊಡುವುದು. ಮೊಬೈಲ್ ಕೊಟ್ಟರೆ ಅಳು ನಿಲ್ಲುತ್ತೆ, ನಿಜ. ಆದರೆ ಸಿಟ್ಟನ್ನು ತಾನೇ ಇಳಿಸಿಕೊಳ್ಳುವುದನ್ನು ಮಗು ಕಲಿಯುವುದು ಯಾವಾಗ?

ನಮ್ಮನ್ನು ತಡೆದು ನಿಲ್ಲಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದಕ್ಕೆ ಸುಮಾರು 25 ವರ್ಷ ಬೇಕು. ಏಳರ ಮಗುವಿನ ಹತ್ತಿರ ಆ ತಾಳ್ಮೆ ಎಲ್ಲಿಂದ ಬರಬೇಕು? ಸಿಟ್ಟು ನೆತ್ತಿಗೇರಿದಾಗ ಬುದ್ಧಿಮಾತು ಕಿವಿಗೆ ಹೋಗಲ್ಲ. ಮೊದಲು ಮೈ ತಣ್ಣಗಾಗಲಿ. ಒಂದು ಲೋಟ ನೀರು, ಅಂಗಳದಲ್ಲಿ ಒಂದು ಸುತ್ತು, ಕೈಗೊಂದು ಕೆಲಸ. ಆಮೇಲೆ ಸುಮ್ನೆ ಪಕ್ಕದಲ್ಲಿ ಕೂತು ಕೇಳಿ. ಬೇಜಾರಾಯ್ತಾ? ಭಯ ಆಯ್ತಾ? ಅಕ್ಕನಿಗೆ ಸಿಕ್ತು, ನಿಂಗೆ ಸಿಗಲಿಲ್ಲ ಅಂತಾನಾ? ತನಗೆ ಏನಾಗ್ತಿದೆ ಅಂತ ಹೇಳೋಕೆ ಮಾತು ಸಿಕ್ಕಿದ ಮಗು ಡಬ್ಬಿ ಎಸೆಯುವುದು ನಿಧಾನಕ್ಕೆ ಕಮ್ಮಿಯಾಗುತ್ತೆ.

ಹಾಗಂತ ಏನು ಮಾಡಿದರೂ ನೋಡಿಕೊಂಡಿರಿ ಅಂತಲ್ಲ. ತಮ್ಮನ ಮೇಲೆ ಎತ್ತಿದ ಕೈಯನ್ನು ಹಿಡಿದು ನಿಲ್ಲಿಸಲೇಬೇಕು. ನಾವೂ ಕೈ ಎತ್ತಬಾರದು, ಅಷ್ಟೇ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯಲ್ಲಿ ಮಾತ್ರ "ಎರಡು ಬಿಟ್ರೆ ಸರಿಹೋಗುತ್ತೆ" ಅನ್ನುತ್ತೇವಲ್ಲ, ನನಗೆ ತುಂಬಾ ಸಂಕಟವಾಗುತ್ತೆ.

ದಿನಾ ಇದೇ ಆಗುತ್ತಿದ್ದರೆ, ಮಗು ತನಗೇ ನೋವು ಮಾಡಿಕೊಳ್ಳುತ್ತಿದ್ದರೆ, ದಯವಿಟ್ಟು ಮಕ್ಕಳ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡೇನೂ ಇಲ್ಲ.

ಆ ರಾತ್ರಿ ಹಿತಕಿದ ಬೇಳೆ ಸಾರು, ಮುದ್ದೆ. ಊಟದ ಮಧ್ಯೆ ಮಗಳಿಗೆ ತಪ್ಪಾಯ್ತು ಕಣೇ, ಕೂಗಬಾರದಿತ್ತು ಅಂದೆ. ತಟ್ಟೆಯಿಂದ ತಲೆ ಎತ್ತಿ ಕೇಳಿದಳು. "ಅಮ್ಮ, ನಿಂಗೂ ಹಸಿವಾಗಿತ್ತಾ?"